ಕೋಡಿಯ ಮಠದ ಅಡುಗೆಮನೆ

ನಮ್ಮ ಕಡೆ ಶ್ರಾವಣದ ಹೊತ್ತಿಗೆ ಸಂತೆಯಲ್ಲಿ ಇಬ್ಬರು ಎದುರಾದರೆ ಮೊದಲು ಬರುವ ಮಾತು, "ನಿಮ್ಮೂರ ಕೆರೆ ಕೋಡಿ ಬಿತ್ತಾ?" ಮನೆಮಂದಿಯ ಸಮಾಚಾರವೆಲ್ಲ ಆಮೇಲೆ. ಕೆರೆ ತುಂಬಿದ ಮೇಲೆ ಏರಿಗೆ ಏಟು ಬೀಳದಂತೆ ಹೆಚ್ಚಿನ ನೀರು ಹೊರಗೆ ಹರಿಯಲೆಂದು ಬಿಟ್ಟ ದಾರಿಯೇ ಕೋಡಿ. ಅದು ಬಿತ್ತೆಂದರೆ ಆ ವರ್ಷದ ಭತ್ತಕ್ಕೆ ಚಿಂತೆಯಿಲ್ಲ.

ಬಳ್ಳಿಗಾವಿಯ ಕೋಡಿಯ ಮಠಕ್ಕೆ ಆ ಹೆಸರು ಬಂದದ್ದು ಇಂಥದೇ ಒಂದು ಕೋಡಿಯಿಂದ. ಒಂಬೈನೂರು ವರ್ಷಗಳ ಹಿಂದೆ ಈ ಊರಿನ ತೆಂಕಣ ದಿಕ್ಕಿಗೆ ತಾವರೆಗೆರೆ ಎಂಬ ಕೆರೆ. ಆ ಕೆರೆಯ ಕೋಡಿಯಲ್ಲಿ ಒಂದು ಮಠ. ಮಠದ ದೇವರು ದಕ್ಷಿಣ ಕೇದಾರೇಶ್ವರ. ಈಗ ಜನ ಬಂದು ಫೋಟೋ ತೆಗೆದುಕೊಂಡು ಹೋಗುವ ಕೇದಾರೇಶ್ವರ ಗುಡಿ ಆ ಮಠದ್ದೇ. ಫಲಕ ನೋಡಿದವರು "ಓ, ಚಾಲುಕ್ಯರ ಕಾಲದ್ದು" ಅನ್ನುತ್ತಾರೆ, ಶಿಖರದ ಮುಂದೆ ಹುಲಿಯನ್ನು ಇರಿಯುತ್ತಿರುವ ಸಳನನ್ನು ಕಂಡು "ಅಲ್ಲ ಅಲ್ಲ, ಹೊಯ್ಸಳರದು" ಅನ್ನುತ್ತಾರೆ. ಎರಡೂ ಒಪ್ಪತಕ್ಕ ಮಾತೇ. ಮಠದ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ನಾನೂ ಬಹಳ ವರ್ಷ ಎತ್ತಿರಲಿಲ್ಲ.

ಶಿರಾಳಕೊಪ್ಪದಲ್ಲಿ ಇಪ್ಪತ್ತೆಂಟು ವರ್ಷ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಅಲ್ಲಿಂದ ಬಳ್ಳಿಗಾವಿ ಎರಡು-ಮೂರು ಕಿಲೋಮೀಟರು. ದೂರದ ಪ್ರವಾಸಕ್ಕೆ ದುಡ್ಡು ಕೊಡಲಾಗದ ಮನೆಯ ಮಕ್ಕಳೇ ಹೆಚ್ಚಿದ್ದ ಶಾಲೆ. ಹಾಗಾಗಿ ವರ್ಷಕ್ಕೊಂದು ದಿನ ಎಂಟನೇ ಕ್ಲಾಸನ್ನು ಸಾಲಾಗಿ ನಡೆಸಿಕೊಂಡು ಬಳ್ಳಿಗಾವಿಗೆ ಹೋಗಿಬರುವುದೇ ನಮ್ಮ ಪ್ರವಾಸ. ಎಲ್ಲರ ಕೈಯಲ್ಲೂ ಬುತ್ತಿ. ಗುಡಿಯ ಅಂಗಳದ ಮರದಡಿ ಕೂತು ಉಂಡು, ಅಲ್ಲಮಪ್ರಭು ಹುಟ್ಟಿದ ಊರು ಇದು ಎಂದು ನಾನು ಒಂದು ಭಾಷಣ ಮಾಡಿ, ನಾಲ್ಕು ಗಂಟೆಯೊಳಗೆ ವಾಪಸ್.

ಒಂದು ವರ್ಷ ಹೀಗೇ ಉಣ್ಣುತ್ತಾ ಕೂತಾಗ ಒಬ್ಬ ಹುಡುಗ ಕೇಳಿದ: "ಟೀಚರ್, ಇದು ಮಠ ಅಂದ್ರಲ್ಲ. ಹಂಗಾರೆ ಇದರ ಅಡುಗೆಮನೆ ಎಲ್ಲಿ?" ಅವನ ಮನೆಯವರು ಪ್ರತಿ ವರ್ಷ ಸಿದ್ಧಗಂಗೆಗೋ ಮತ್ತೊಂದು ಮಠಕ್ಕೋ ಹೋಗಿಬರುವವರು. ಮಠ ಅಂದರೆ ಅವನ ಕಣ್ಣಿಗೆ ದೊಡ್ಡ ಕೊಪ್ಪರಿಗೆ, ಉದ್ದುದ್ದ ಒಲೆಸಾಲು, ಹಂಡೆ ತುಂಬ ಸಾರು. ದೇವರ ಗುಡಿ ಮಾತ್ರ ಇದ್ದು ಅಡುಗೆಮನೆ ಇಲ್ಲದ ಮಠವನ್ನು ಅವನು ಕಂಡವನಲ್ಲ. ನಾನು ಸುತ್ತ ನೋಡಿದೆ. ಹೂದೋಟದ ಬೇಲಿ, ಅದರಾಚೆ ಮೆಕ್ಕೆಜೋಳದ ಹೊಲ, ಮಗ್ಗುಲಲ್ಲಿ ಕೆರೆ. "ಬಿದ್ದು ಹೋಗಿದೆ ಕಣೋ" ಅಂದೆ. ಎಲ್ಲಿ ಬಿದ್ದಿದೆ ಎಂದು ಅವನು ಕೇಳಲಿಲ್ಲ, ಪುಣ್ಯಕ್ಕೆ.

ಆ ಪ್ರಶ್ನೆ ಮನೆಗೂ ನನ್ನ ಹಿಂದೆಯೇ ಬಂತು.

ಮೊದಲು ಗುಡಿಯನ್ನು ಒಂದು ಸುತ್ತು ನೋಡಿಬಿಡೋಣ. ಎದ್ದುನಿಂತಿರುವುದು ಅದೊಂದೇ ತಾನೇ. ಬಳಪದ ಕಲ್ಲಿನ ತ್ರಿಕೂಟ. ಮೂರು ಗರ್ಭಗುಡಿ, ಮೂರು ಶಿಖರ. ಪಶ್ಚಿಮದಲ್ಲೂ ದಕ್ಷಿಣದಲ್ಲೂ ಲಿಂಗ, ಉತ್ತರದ ಗುಡಿಯಲ್ಲಿ ವಿಷ್ಣು. ಮೂರೂ ಬಂದು ಕೂಡುವುದು ಒಂದು ನಡುಮಂಟಪಕ್ಕೆ. ಅದರ ಮುಂದೆ ಮೂರು ಕಡೆ ತೆರೆದುಕೊಂಡ ದೊಡ್ಡ ಮುಖಮಂಟಪ. ಅಂಚಿನುದ್ದಕ್ಕೂ ಬೆನ್ನು ಒರಗಿಸಿ ಕೂರುವಂಥ ಕಲ್ಲಿನ ಕಕ್ಷಾಸನ. ನನ್ನ ಮಕ್ಕಳಿಗೆ ಆ ಜಾಗ ಬಹಳ ಇಷ್ಟ. ಬಿರುಬಿಸಿಲಲ್ಲಿ ನಡೆದು ಬಂದು ಅಲ್ಲಿ ಒರಗಿದರೆ ಬೆನ್ನು ತಣ್ಣಗಾಗುತ್ತದೆ. ಕಂಬಗಳು ತಿರುಗಣೆಗೆ ಹಾಕಿ ಕಡೆದ ಹಾಗೆ, ಬಳೆಯ ಮೇಲೆ ಬಳೆ ಇಟ್ಟಂತೆ. ಈ ಊರಿನ ಕಲ್ಲುಕುಟಿಗರ ಕೈಯೇ ಅಂಥದು. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡಿರುವ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯಿಂದ ಹೋದವರು. ಬೇಲೂರು ನೋಡಿ ಬಾಯಿ ಬಿಟ್ಟವರು ಆ ಕೈಗಳು ಪಳಗಿದ ಊರನ್ನು ನೋಡಲು ಬರುವುದು ಕಡಿಮೆ.

ಬಳ್ಳಿಗಾವೆ ಆಗ ಬನವಾಸಿ ಪನ್ನಿರ್ಛಾಸಿರದ ರಾಜಧಾನಿ. ಶಾಸನಗಳು ಅದನ್ನು ಅನಾದಿ ರಾಜಧಾನಿ ಎನ್ನುತ್ತವೆ. ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿ ಇದ್ದ ಪಟ್ಟಣ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಅಲ್ಲಿ ನೆಲೆ ಇತ್ತೆಂದು 1129ರ ಶಾಸನ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಈಗಿನ ಹಳ್ಳಿಯ ಬೀದಿಯಲ್ಲಿ ನಿಂತು ಇದನ್ನು ನಂಬುವುದು ಕಷ್ಟ. ಆದರೆ ಯಾರದೋ ಹಿತ್ತಿಲಲ್ಲಿ ವೀರಗಲ್ಲು, ಊರ ನಡುವೆ ಇದ್ದಕ್ಕಿದ್ದಂತೆ ಎದ್ದ ಗಂಡಭೇರುಂಡದ ಕಂಬ, ಬೌದ್ಧರ ತಾರಾ ಭಗವತಿಯ ವಿಗ್ರಹ. ಇವೆಲ್ಲ ಒಂದು ಸಣ್ಣ ಊರಿನ ಆಸ್ತಿಯಾಗಲು ಸಾಧ್ಯವಿಲ್ಲ ಎಂದು ನಿಧಾನವಾಗಿ ತಿಳಿಯುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. ಕೋಡಿಯ ಮಠ ಕಾಳಾಮುಖ ಶೈವರದು. ಕಾಳಾಮುಖರೆಂದರೆ ಯಾರು ಎಂದು ಮಕ್ಕಳು ಕೇಳಿದಾಗ ನಾನು ಏನು ಹೇಳುತ್ತಿದ್ದೆ ಗೊತ್ತೆ? ತಲೆಬುರುಡೆಯಲ್ಲಿ ಉಣ್ಣುವವರು, ಸುಡುಗಾಡಿನ ಬೂದಿ ಬಳಿದುಕೊಳ್ಳುವವರು, ಹೆಂಡದ ಗಡಿಗೆ ಇಟ್ಟು ಅದರಲ್ಲಿ ದೇವರನ್ನು ಪೂಜಿಸುವವರು. ಮಕ್ಕಳ ಕಣ್ಣು ಅರಳುತ್ತಿದ್ದವು. ಹಿಂದಿನ ಬೆಂಚಿನವರೂ ಕಿವಿಗೊಡುತ್ತಿದ್ದರು. ಮೇಷ್ಟ್ರುಗಳಿಗೆ ಇದಕ್ಕಿಂತ ದೊಡ್ಡ ಆಮಿಷ ಇಲ್ಲ. ಈ ವರ್ಣನೆಯ ಮೂಲ ರಾಮಾನುಜಾಚಾರ್ಯರ ಶ್ರೀಭಾಷ್ಯ. ಅವರಿಗಿಂತ ಹಿಂದಿನ ಯಾಮುನಾಚಾರ್ಯರಲ್ಲೂ ಇಂಥದೇ ಮಾತಿದೆ. ಇಬ್ಬರೂ ಎದುರು ಪಕ್ಷದವರು ಎಂಬುದು ನನಗೆ ಹೊಳೆಯಲೇ ಇಲ್ಲ. ಒಂದು ಮನೆಯ ಸುದ್ದಿಯನ್ನು ಆ ಮನೆಯೊಡನೆ ವ್ಯಾಜ್ಯ ಹೂಡಿದವರನ್ನು ಕೇಳಿ ತಿಳಿದುಕೊಂಡ ಹಾಗಾಯಿತು. ಕಾಪಾಲಿಕರೆಂಬ ಇನ್ನೊಂದು ಶೈವ ಪಂಥದ ಗುಣಗಳನ್ನು ಕಾಳಾಮುಖರ ಮೇಲೂ ಹೊರಿಸಲಾಗಿದೆ ಎಂದು ಈ ಎರಡು ಪಂಥಗಳ ಮೇಲೆ 1972ರಲ್ಲಿ ಪುಸ್ತಕ ಬರೆದ ಡೇವಿಡ್ ಲೊರೆಂಜನ್ ವಾದಿಸಿದರು. ಅವರು ಆಧಾರಕ್ಕೆ ಹಿಡಿದದ್ದು ನಮ್ಮ ಕನ್ನಡ ಶಾಸನಗಳನ್ನೇ, ಅದರಲ್ಲೂ ಬಳ್ಳಿಗಾವಿಯವನ್ನು. ನಾನು ಪ್ರತಿ ವರ್ಷ ಬುತ್ತಿ ಬಿಚ್ಚುತ್ತಿದ್ದ ಜಾಗದಿಂದ ಕೂಗಳತೆಯಲ್ಲಿ ನಿಂತಿದ್ದ ಕಲ್ಲುಗಳು ಅವು.

ಆ ಕಲ್ಲುಗಳ ಪರಿಚಯ ನನಗೆ ಇರಲಿಲ್ಲವೆಂದಲ್ಲ. ಕಾಲೇಜಿನಲ್ಲಿದ್ದಾಗ ನಮ್ಮ ಇತಿಹಾಸದ ಮೇಷ್ಟ್ರು ಅನುಮತಿ ಪಡೆದು ಒಂದು ಶಾಸನದ ಪಡಿಯಚ್ಚು ತೆಗೆಯುವುದನ್ನು ತೋರಿಸಿದ್ದರು. ಅದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮೊದಲು ಕಲ್ಲನ್ನು ನೀರು ಹಾಕಿ, ಬ್ರಷ್ಷಿನಿಂದ ಉಜ್ಜಿ, ಅಕ್ಷರದೊಳಗಿನ ಪಾಚಿ ಮಣ್ಣು ಎಲ್ಲ ತೆಗೆಯಬೇಕು. ಆಮೇಲೆ ಒದ್ದೆ ಮಾಡಿದ ಕಾಗದವನ್ನು ಸುಕ್ಕಿಲ್ಲದಂತೆ ಹೊದಿಸಬೇಕು. ನಾನು ಒಂದು ಮೂಲೆ ಹಿಡಿದಿದ್ದೆ. ಗಾಳಿಗೆ ಕಾಗದ ಹಾರಿ ಮೇಷ್ಟ್ರ ಕೈಲಿ ಬೈಸಿಕೊಂಡಿದ್ದೂ ಆಯಿತು. ಗಡಸು ಕೂದಲಿನ ಬ್ರಷ್ಷಿನಿಂದ ತಟ್ಟುತ್ತಾ ಬಂದರೆ ಕಾಗದ ಅಕ್ಷರದ ಗುಳಿಯೊಳಕ್ಕೆ ಇಳಿಯುತ್ತದೆ. ಅರೆ ಒಣಗಿದಾಗ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತಬೇಕು. ಮಸಿ ಹತ್ತುವುದು ಉಬ್ಬಿದ ಭಾಗಕ್ಕೆ. ಗುಳಿಯಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ, ಒಂದೊಂದಾಗಿ, ಗುಂಡಗುಂಡಗಿನ ಹಳಗನ್ನಡ ಅಕ್ಷರಗಳು ಕಾಣಿಸಿಕೊಂಡಾಗ ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಒಂದೊಂದು ಸಾಲಲ್ಲೂ "ಸ್ಥಾನಮುಂ" ಎನ್ನುವ ಮಾತು ಮತ್ತೆ ಮತ್ತೆ ಬರುತ್ತಿದ್ದುದು ನೆನಪಿದೆ. ಏನು ಸ್ಥಾನ ಎಂದು ಅವತ್ತು ಕೇಳುವ ತಿಳಿವಳಿಕೆ ನನಗಿರಲಿಲ್ಲ. ಕಾಗದ ಹಿಡಿದು ಹಿಡಿದು ಕೈ ನೋಯುತ್ತಿತ್ತು.

ಹುಡುಗನ ಪ್ರಶ್ನೆ ಕೇಳಿಸಿಕೊಂಡ ವರ್ಷ ಬೇಸಿಗೆ ರಜೆಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ ಹುಡುಕಿಕೊಂಡು ಲೈಬ್ರರಿಗೆ ಹೋದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದದ್ದು, ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳು. ಅದಕ್ಕೂ ಮುಂಚೆ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದಿದ್ದ. ಆ ಫೋಟೋಗಳನ್ನು ಓದಿ ಓದಿಯೇ ರೈಸ್ ತಮ್ಮ ಮೊದಲ ಶಾಸನ ಪುಸ್ತಕವನ್ನು 1879ರಲ್ಲಿ ತಂದಿದ್ದರು. ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 102ನೆಯ ಶಾಸನ, ಕಾಲ 1162, ಸ್ಥಳ ಕೇದಾರೇಶ್ವರ ದೇವಸ್ಥಾನ. ಅಲ್ಲಿ ಸಿಕ್ಕಿತು ಅಡುಗೆಮನೆ.

ಸಂದರ್ಭ ಹೀಗೆ. ಕಲಚುರಿ ಬಿಜ್ಜಳ ದಕ್ಷಿಣದ ಸೀಮೆಗಳನ್ನು ಹತೋಟಿಗೆ ತರಲು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾನೆ. ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲ ಅದು, ಅದೇ ಬಿಜ್ಜಳ. ಬನವಾಸಿ ನಾಡನ್ನು ಆಳುತ್ತಿದ್ದ ಕಸಪಯ್ಯ ನಾಯಕ ಅರಸನ ಮುಂದೆ ನಿಂತು, ಇಲ್ಲೊಂದು ಧರ್ಮಕಾರ್ಯ ಆಗಬೇಕು ಎಂದು ದಕ್ಷಿಣ ಕೇದಾರದ ಸುದ್ದಿ ಎತ್ತುತ್ತಾನೆ. ಕೋಡಿಯ ಮಠ ಯಾವುದಕ್ಕೆಲ್ಲ ಸ್ಥಾನ ಎಂದು ಪಟ್ಟಿ ಸುರುವಾಗುತ್ತದೆ.

ಶೈವ ತಪಸ್ವಿಗಳ ಅನುಷ್ಠಾನಕ್ಕೆ ಸ್ಥಾನ. ನಾಲ್ಕು ವೇದಗಳನ್ನು ಅಂಗಗಳೊಡನೆ ಓದುವ ಸ್ಥಾನ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುವ ಸ್ಥಾನ. ಇಲ್ಲಿ ಕನ್ನಡ ಟೀಚರಾದ ನಾನು ಒಂದು ಗಳಿಗೆ ನಿಂತೆ. ಶಾಕಟಾಯನ ಜೈನ. ರಾಷ್ಟ್ರಕೂಟ ಅಮೋಘವರ್ಷನ ಕಾಲದವನು, ತನ್ನ ವ್ಯಾಕರಣಕ್ಕೆ ತಾನೇ ಬರೆದ ವೃತ್ತಿಗೆ ಅರಸನ ಹೆಸರಿಟ್ಟು ಅಮೋಘವೃತ್ತಿ ಎಂದವನು. ಅವನ ಪುಸ್ತಕ ಶೈವ ಮಠದಲ್ಲಿ ಪಾಠ! ಮುಂದೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಅವುಗಳ ಜೊತೆಗೆ ಬೌದ್ಧ ದರ್ಶನ. ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ.

ಓದು ಮುಗಿದ ಮೇಲೆ ಊಟ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಅವರ ಬೆನ್ನಿಗೇ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲಿನವರು, ಕುಣಿಯುವವರು, ಹೊಗಳುಭಟ್ಟರು. ಆಮೇಲೆ ಎರಡು ಪದ ಜೋಡಿಯಾಗಿ ಬರುತ್ತವೆ: ನಗ್ನ, ಭಗ್ನ. ಬಟ್ಟೆಯಿಲ್ಲದವನು, ಮೈಮುರಿದವನು. ಪ್ರಾಸಕ್ಕೆ ಬರೆದದ್ದು ಇರಬಹುದು. ಆದರೂ ಮಠದ ಬಾಗಿಲಲ್ಲಿ ಅವರಿಬ್ಬರೂ ಒಟ್ಟಿಗೆ ನಿಂತದ್ದನ್ನು ಕಂಡವನೇ ಬರೆದ ಹಾಗಿದೆ. ಅವರ ಹಿಂದೆ ಜೈನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು, ನಾನಾ ದೇಶದ ಭಿಕ್ಷುಕರು. ಇವರೆಲ್ಲರಿಗೂ ಅನ್ನ. ಆ ಅನ್ನದಾನಕ್ಕೆ ಹಚ್ಚಿದ ವಿಶೇಷಣ "ಅನಿವಾರಿತ". ತಡೆಯಿಲ್ಲದ್ದು, ನಿಲ್ಲು, ನೀನು ಯಾರು ಎಂದು ಕೇಳದೆ ಇಕ್ಕುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಬೇರೆ ಮತದವನೆಂದು ತಡೆಯುವುದಾಗಿದ್ದರೆ ಕ್ಷಪಣಕನ ಹೆಸರನ್ನು ಕಲ್ಲಿಗೆ ಹಾಕುತ್ತಿರಲಿಲ್ಲವಲ್ಲ.

ಪಟ್ಟಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅನಾಥ ರೋಗಿಗಳಿಗೆ ಭೈಷಜ್ಯದ ಸ್ಥಾನ, ಅಂದರೆ ಔಷಧೋಪಚಾರ. ಕೊನೆಗೆ, ಸಕಲ ಜೀವಿಗಳಿಗೂ ಅಭಯದ ಸ್ಥಾನ. ಒಂದೇ ಆವರಣದಲ್ಲಿ ಗುಡಿ, ಪಾಠಶಾಲೆ, ಅನ್ನಛತ್ರ, ಆಸ್ಪತ್ರೆ.

ಶಾಸನದ ಮಾತನ್ನೆಲ್ಲ ಹಾಗೇ ನಂಬಬೇಕೆ? ಬೇಡ. ದತ್ತಿ ಕೇಳುವವರು ಸ್ವಲ್ಪ ಹೆಚ್ಚೇ ಹೇಳುತ್ತಾರೆ, ಆಗಲೂ ಈಗಲೂ. ಅದೇ ಮಠದ ಗುರು ವಾಮಶಕ್ತಿಯನ್ನು ವ್ಯಾಕರಣದಲ್ಲಿ ಪಾಣಿನಿ, ನಾಟ್ಯದಲ್ಲಿ ಭರತ ಎಂದೆಲ್ಲ ಹೊಗಳಿದ ಶಾಸನಗಳಿವೆ. ಅದಕ್ಕೆ ಅರ್ಧ ಸೋಡಿ ಬಿಡಬಹುದು. ಆದರೆ ಹೊಗಳಿಕೆಗೂ ಒಂದು ರೀತಿಯಿದೆ. ಯಾವುದನ್ನು ಹೇಳಿದರೆ ಅರಸನ ಮನಸ್ಸು ಕರಗುತ್ತದೆಂದು ಕಸಪಯ್ಯನಿಗೆ ತಿಳಿದಿತ್ತು. ನಮ್ಮ ಮಠದ ಗೋಪುರ ಇಷ್ಟು ಎತ್ತರ, ಪಲ್ಲಕ್ಕಿ ಇಷ್ಟು ತೂಕದ್ದು ಎಂದು ಅವನು ಹೇಳಲಿಲ್ಲ. ಕುರುಡರಿಗೂ ಕಿವುಡರಿಗೂ ಇಕ್ಕುತ್ತಾರೆ ಎಂದ. ಬಿಜ್ಜಳ ದತ್ತಿ ಕೊಟ್ಟ.

ಇದಕ್ಕೆ ಎದುರಾಗಿ ಇದೇ ಊರಿನ ಇನ್ನೊಂದು ಮಠದ ಮಾತು ಕೇಳಿ. ಪಂಚಲಿಂಗ ಮಠವೂ ಕಾಳಾಮುಖರದೇ. 1036ರಲ್ಲಿ ಚಾಲುಕ್ಯ ಜಯಸಿಂಹ ಅಲ್ಲಿಯ ಲಕುಲೀಶ್ವರ ಪಂಡಿತನಿಗೆ ದತ್ತಿ ಬಿಟ್ಟಾಗ ಬರೆಸಿದ ಶಾಸನದಲ್ಲಿ ಆ ಪಂಡಿತ ವಾದಿಗಳನ್ನು, ಬೌದ್ಧರನ್ನು, ಜೈನರನ್ನು ಹೇಗೆ ಬಗ್ಗುಬಡಿದ ಎಂಬುದರದೇ ಆರ್ಭಟ. ಬೌದ್ಧರೆಂಬ ಸಮುದ್ರಕ್ಕೆ ಇವನು ಬಡಬಾಗ್ನಿಯಂತೆ. ಅದಾದ ಮೂವತ್ತು ವರ್ಷದೊಳಗೆ, 1065ರಲ್ಲಿ, ರೂಪಭಟ್ಟಯ್ಯ ಎಂಬ ದಂಡನಾಯಕ ಅದೇ ಬಳ್ಳಿಗಾವೆಯಲ್ಲಿ ಜಯಂತಿ ಬೌದ್ಧವಿಹಾರ ಕಟ್ಟಿಸಿದ. ಸಮುದ್ರ ಬತ್ತಿರಲಿಲ್ಲ ಎಂದಾಯಿತು. ಕೋಡಿಯ ಮಠದ ಪಟ್ಟಿ ಬರುವ ಹೊತ್ತಿಗೆ ಬೌದ್ಧ ದರ್ಶನ ಶೈವರ ಪಾಠಪಟ್ಟಿಗೇ ಸೇರಿತ್ತು. ಖಂಡಿಸಲಿಕ್ಕೇ ಓದಿಸುತ್ತಿದ್ದರು ಎನ್ನಿ, ಓದಿಸುತ್ತಿದ್ದರಲ್ಲ.

ಅಡುಗೆಮನೆ ಅಂದಮೇಲೆ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಕು. ಈ ಮಠದ ಶಾಸನಗಳು 1094ರಿಂದ ಸಿಗುತ್ತವೆ. ಆಗ ದತ್ತಿ ಕೊಟ್ಟವರು ಅರಸರಲ್ಲ, ಸೆಟ್ಟರು. ದೇವರ ಹೆಸರು ಆಗ ನಖರೇಶ್ವರ. ನಖರ ಎಂದರೆ ವರ್ತಕರ ಸಂಘ. ಪಟ್ಟಣದ ವ್ಯಾಪಾರಸ್ಥರ ದೇವರಾಗಿ ಸುರುವಾದದ್ದು ಆಮೇಲೆ ದಕ್ಷಿಣ ಕೇದಾರ ಎಂಬ ದೊಡ್ಡ ಹೆಸರು ಹೊತ್ತಿತು ಎಂದು ನನ್ನ ಊಹೆ. ಆ ಹೆಸರಿಗೆ ಶಾಸನಕವಿ ಕೊಟ್ಟ ಕಾರಣ ಓದಿ ನಾನು ಒಬ್ಬಳೇ ನಕ್ಕಿದ್ದೇನೆ: ಹಿಮಾಲಯದ ಚಳಿಗೆ ಹೆದರಿ ಕೇದಾರಕ್ಕೆ ಹೋಗಲಾರದ ಭಕ್ತರ ಮೇಲೆ ಕರುಣೆ ಬಂದು ಶಿವ ಇಲ್ಲೇ ಅವರ ಪಾಪ ಕಳೆಯುತ್ತಾನಂತೆ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ದೇವರು ಬೇಕೆ!

1094ರಲ್ಲಿ ಮಠದ ಯಜಮಾನಿಕೆ ಸೋಮೇಶ್ವರ ಪಂಡಿತರದು. ಅವರ ಗುರು ಶ್ರೀಕಂಠ ಪಂಡಿತರು, ಅವರ ಗುರು ಕೇದಾರಶಕ್ತಿ. ಶಕ್ತಿಪರಿಷೆ, ಮೂವರ ಕೋಣೆಯ ಸಂತತಿ, ಪರ್ವತಾವಳಿ ಎಂದು ಇವರ ಪೀಳಿಗೆಯ ವಿಳಾಸ. 1103ರ ಶಾಸನ ಸೋಮೇಶ್ವರ ಪಂಡಿತರ ವಿದ್ವತ್ತನ್ನು ಮನತುಂಬಿ ಕೊಂಡಾಡುತ್ತದೆ. ಮುಂದೆ ಗೌತಮ ಪಂಡಿತರು, ಆಮೇಲೆ ವಾಮಶಕ್ತಿ. ಈ ವಾಮಶಕ್ತಿ ಮೂವತ್ತು ವರ್ಷಕ್ಕೂ ಮೇಲೆ ಪೀಠದಲ್ಲಿದ್ದವರು. ಬಿಜ್ಜಳನಿಂದ ದತ್ತಿ ಪಡೆದರು, ಕಲಚುರಿಗಳು ಹೋಗಿ ಹೊಯ್ಸಳ ವೀರಬಲ್ಲಾಳ ಬಂದಾಗ ಅವನಿಂದಲೂ ಪಡೆದರು. ಮೇಲೆ ಅರಸು ಮನೆತನಗಳು ಒಂದರ ಹಿಂದೊಂದು ಬದಲಾದರೂ ಮಠದ ಒಲೆ ಆರಲಿಲ್ಲ. ಇದನ್ನು ಸಮಯಸಾಧಕತನ ಎನ್ನುವವರು ಎನ್ನಲಿ. ನೂರಾರು ಎಲೆ ಹಾಕಬೇಕಾದವರಿಗೆ ಯಾವ ಅರಸನ ಮೇಲೆ ಸಿಟ್ಟು ಮಾಡಿಕೊಳ್ಳಲಾಗುತ್ತದೆ?

ದತ್ತಿ ಬಿಟ್ಟ ಭೂಮಿಯ ಲೆಕ್ಕ ಮತ್ತರುಗಳಲ್ಲಿ, ಅಳತೆ ಗಳೆಯಲ್ಲಿ. ಈ ಊರಿನದೇ ಒಂದು ಅಳತೆಗೋಲೂ ಇತ್ತು, ಭೇರುಂಡ ಗಳೆ ಎಂದು. 1047ರಲ್ಲಿ ಮಹಾಮಂಡಲೇಶ್ವರ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬ ಇಲ್ಲಿದೆಯಲ್ಲ, ಆ ಹೆಸರೇ ಗಳೆಗೂ. ಎರಡು ತಲೆ, ಮನುಷ್ಯನ ಮೈ. ಈಗ ಸರ್ಕಾರದ ಲಾಂಛನದಲ್ಲಿ, ಬಸ್ಸಿನ ಮೈಮೇಲೆ ಎಲ್ಲ ಕಡೆ ಕಾಣುವ ಹಕ್ಕಿಯನ್ನು ಇಲ್ಲಿ ಹೊಲ ಅಳೆಯಲು ನೆನೆಯುತ್ತಿದ್ದರು.

ಸರಿ, ಅಷ್ಟೆಲ್ಲ ಇದ್ದದ್ದು ಎಲ್ಲಿ ಹೋಯಿತು? ಇದಕ್ಕೆ ಉತ್ತರದ ಒಂದು ಎಳೆ ನನಗೆ ಸಿಕ್ಕಿದ್ದು ಬೇರೊಂದು ಶಾಸನದಲ್ಲಿ. 1068ರದು. ಬನವಾಸಿ ನಾಡನ್ನು ಆಗ ಆಳುತ್ತಿದ್ದ ಲಕ್ಷ್ಮನೃಪನಿಗೆ ಮಂತ್ರಿಯಾಗಿದ್ದವನು ಶಾಂತಿನಾಥ ಕವಿ. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ 'ಸುಕುಮಾರ ಚರಿತೆ' ಬರೆದವನು ಎಂದು ಎರಡು ಸಾಲಲ್ಲಿ ಮುಗಿಸಿಬಿಡುವ ಕವಿ. ಅವನು ಅರಸನ ಮನವೊಲಿಸಿ ಬಳ್ಳಿಗಾವೆಯಲ್ಲಿ ಮರದಿಂದ ಕಟ್ಟಿದ್ದ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಿದ. ಈ ಒಂದು ಮಾತು ಓದಿದ ಮೇಲೆ ನನಗೆ ಇಡೀ ಊರು ಬೇರೆಯಾಗಿ ಕಂಡಿತು. ರಾಜಧಾನಿಯಲ್ಲಿ ದೇವರ ಮನೆಯೇ ಮರದ್ದಾಗಿತ್ತು ಎಂದರೆ ಮನುಷ್ಯರ ಮನೆ ಯಾವುದರದ್ದಾಗಿರಬೇಡ? ಮಲೆನಾಡಿನ ಸೆರಗು ಇದು, ಮರಕ್ಕೆ ಬರವಿಲ್ಲ. ದೇವರು ಒಬ್ಬೊಬ್ಬರಾಗಿ ಕಲ್ಲಿನ ಮನೆಗೆ ಹೋದರು. ವಿದ್ಯಾರ್ಥಿಗಳ ಕೋಣೆ, ರೋಗಿಗಳು ಮಲಗುವ ಚಾವಡಿ, ಉಗ್ರಾಣ, ಒಲೆಮನೆ ಮಾತ್ರ ಮರ, ಮಣ್ಣು, ಹೆಂಚು ಅಥವಾ ಹುಲ್ಲಿನಲ್ಲೇ ಉಳಿದಿರಬೇಕು. ನಮ್ಮ ಮಳೆಯಲ್ಲಿ ಕೈಬಿಟ್ಟ ಮಣ್ಣಿನ ಗೋಡೆ ನಿಲ್ಲುವುದು ಎಷ್ಟು ವರ್ಷ? ನನ್ನ ತವರಿನ ಹಳೇ ಕೊಟ್ಟಿಗೆ ಸೂರು ಹೋದ ಮೇಲೆ ನಾಲ್ಕು ಮಳೆಗಾಲ ತಡೆಯಲಿಲ್ಲ.

ಅಡುಗೆಮನೆಯ ಜಾಗವನ್ನು ನಾನು ಮನಸ್ಸಿನಲ್ಲೇ ಗುರುತು ಮಾಡಿಕೊಂಡಿದ್ದೇನೆ. ಅಷ್ಟು ಜನಕ್ಕೆ ಬೇಯಿಸುವವರಿಗೆ ನೀರು ಕೈಗೆಟಕುವಂತಿರಬೇಕು, ತೊಳೆದ ನೀರು ತಾನಾಗಿ ಹರಿ​ದು ಹೋಗಬೇಕು, ಕೆರೆಯ ಒಳನೀರು ಕೆಡಬಾರದು. ಕೋಡಿಗಿಂತ ಒಳ್ಳೆಯ ಜಾಗ ಯಾವುದು? ಇದು ಒಬ್ಬ ಗೃಹಿಣಿಯ ತರ್ಕ, ಪುರಾತತ್ವದವರು ಒಪ್ಪಬೇಕೆಂದಿಲ್ಲ.

ಮಠ 13ನೆಯ ಶತಮಾನದ ಆರಂಭದವರೆಗೆ ಶಾಸನಗಳಲ್ಲಿ ಕಾಣಿಸುತ್ತದೆ. ಅಷ್ಟರಲ್ಲಿ ಈ ಸೀಮೆ ಹೊಯ್ಸಳ ಮತ್ತು ಸೇವುಣರ ಜಗ್ಗಾಟದಲ್ಲಿ ಸಿಕ್ಕಿತ್ತು. ಆಮೇಲೆ ಮೌನ. ನಾಡಿನ ಕಾಳಾಮುಖ ಮಠಗಳಲ್ಲಿ ಹಲವು ವೀರಶೈವರ ಕೈಗೆ ಬಂದವು ಎಂದು ವಿದ್ವಾಂಸರು ಹೇಳುತ್ತಾರೆ. ಬಳ್ಳಿಗಾವಿಯ ಕಡೆಯವಳಾದ ನನಗೆ ಇನ್ನೊಂದು ಯೋಚನೆ ಬರುತ್ತದೆ. ಹರಿಹರನ ರಗಳೆಯ ಪ್ರಕಾರ ಅಲ್ಲಮ ಇದೇ ಊರಿನ ಮದ್ದಳೆಗಾರ, ತಂದೆ ಇಲ್ಲಿಯ ನಾಗವಾಸಕ್ಕೆ ಅಧಿಪತಿ. ಮಠದ ಊಟದ ಪಟ್ಟಿಯಲ್ಲಿ ವಾದಕರೂ ನರ್ತಕರೂ ಇದ್ದರಲ್ಲವೆ? ಆ ಸಾಲಿನಲ್ಲಿ ಒಬ್ಬ ಮದ್ದಳೆಯ ಹುಡುಗ ಎಲೆ ಹಾಕಿಕೊಂಡು ಕೂತಿದ್ದನೋ ಏನೋ. ಅಕ್ಕಮಹಾದೇವಿಯ ಉಡುತಡಿಯೂ ಇಲ್ಲಿಂದ ಹತ್ತಿರವೇ. ನಗ್ನರಿಗೂ ಅನ್ನವಿಟ್ಟ ಸೀಮೆಯಿಂದ ಆಕೆ ಕೇಶವನ್ನೇ ಹೊದ್ದು ಹೊರಟಳು. ಇದಕ್ಕೆಲ್ಲ ನನ್ನಲ್ಲಿ ದಾಖಲೆಯಿಲ್ಲ. ಮಕ್ಕಳಿಗೆ ಹೇಳುವಾಗಲೂ "ಇದು ನನ್ನ ಕಲ್ಪನೆ ಕಣ್ರೋ" ಎಂದೇ ಹೇಳುತ್ತಿದ್ದೆ. ಒಮ್ಮೆ ತಲೆಬುರುಡೆ ವಿಷಯದಲ್ಲಿ ಕೈಸುಟ್ಟುಕೊಂಡವಳು.

ಪ್ರಶ್ನೆ ಕೇಳಿದ ಹುಡುಗ ಅಷ್ಟರಲ್ಲಿ ಹತ್ತನೇ ಕ್ಲಾಸಿಗೆ ಬಂದಿದ್ದ. ಕರೆದು ಪಟ್ಟಿಯನ್ನು ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಪಾತ್ರೆ ತೊಳೆಯೋರ ಹೆಸರು ಬರೆದಿಲ್ವಾ ಟೀಚರ್?" ಅಂದ. ಬರೆದಿಲ್ಲ. ಅಡುಗೆಯವರದೂ ಇಲ್ಲ.

ಈಗ ಗುಡಿ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ, ಅಂಗಳ ಚೊಕ್ಕಟವಾಗಿದೆ. ಬಳ್ಳಿಗಾವಿಯ ಕೆಲವು ವಿಗ್ರಹಗಳು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ನಿಂತಿವೆ. ಶಾಸನದ ಕಲ್ಲುಗಳು ಮಾತ್ರ ಮೊದಲಿನ ಹಾಗೇ, ಬಂದವರು ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಳ್ಳುವುದನ್ನು ನೋಡುತ್ತಾ ಇವೆ. ಅಕ್ಷರ ಚೆನ್ನಾಗಿ ಕಾಣಲಿ ಎಂದು ಸುಣ್ಣದ ಬಳಪ ಉಜ್ಜುವವರನ್ನೂ ಎಣ್ಣೆ ಸವರುವವರನ್ನೂ ನಾನೇ ಬೈದು ಕಳಿಸಿದ್ದೇನೆ. ಹಾಗೆ ಮಾಡಬೇಡಿ. ಬೆಳಿಗ್ಗೆ ಎಂಟರೊಳಗೆ ಹೋದರೆ ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಪ್ರತಿ ಅಕ್ಷರದ ಗುಳಿಯಲ್ಲೂ ನೆರಳು ತುಂಬುತ್ತದೆ. ಹಳಗನ್ನಡ ಬಾರದವರಿಗೂ ಅಷ್ಟು ಹೊತ್ತಿನಲ್ಲಿ ಒಂದೆರಡು ಅಕ್ಷರ ಗುರುತು ಸಿಗುತ್ತವೆ. ಮಕ್ಕಳಿಗಂತೂ ಬೇಗ ಸಿಗುತ್ತವೆ.

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಿಂದ ಆಟೊ ಸಿಗುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಿ. ಗುಡಿಯ ಹತ್ತಿರ ಊಟ ಸಿಗುವ ಜಾಗ ನಾನು ಕಂಡಿಲ್ಲ.